ಕತ್ತರಿಸಿ ತೆಗೆದ ದನಿ

ಗುಬ್ಬಿ
೨ ಜೂನ್ ೨೦೨೪

ಖಮರುನ್ನೀಸಾ ಮೇಡಂ ಅವರಿಗೆ ನಮಸ್ಕಾರ.

ನಾನು ಹೇಮಶ್ರೀ, ಗುಬ್ಬಿ ಹೈಸ್ಕೂಲಿನ ವಿಜ್ಞಾನದ ಟೀಚರು. ಇಷ್ಟು ಪರಿಚಯ ಹೇಳಿಕೊಳ್ಳಬೇಕಾದ ಕಾಲ ಬಂತು. ಹೋದ ವಾರ ಎರಡು ಮೂರು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಮೆಸೇಜಿಗೂ ಉತ್ತರ ಬರಲಿಲ್ಲ. ಶೆಟ್ಟಿಹಳ್ಳಿಯ ವಿಳಾಸ ಬದಲಾಗಿರಲಿಕ್ಕಿಲ್ಲ ಎಂದುಕೊಂಡು ಇದನ್ನು ಪೋಸ್ಟಿಗೆ ಹಾಕುತ್ತಿದ್ದೇನೆ.

ವಿಷಯ ಇಷ್ಟೆ. ಮನೆಯ ಮುಂದಿನ ಕೋಣೆಗೆ ಟೈಲ್ಸ್ ಹಾಕಿಸಬೇಕೆಂದು ಸಾಮಾನೆಲ್ಲ ಹೊರಗೆ ತೆಗೆಸಿದೆ. ಗೋಡೆ ಬೀರುವಿನ ತಳದಲ್ಲಿ ಆ ಹಳೆಯ ಕಂಪ್ಯೂಟರ್ ಸಿಕ್ಕಿತು. ನಿಮಗೆ ನೆನಪಿರಬೇಕು. ಕಣ್ಣು ಕಾಣದ ವಾಣಿಶ್ರೀ ನಮ್ಮ ಸ್ಕೂಲಿಗೆ ಹತ್ತನೇ ಕ್ಲಾಸಿಗೆ ಸೇರಿದ ವರ್ಷ, ಆ ಹುಡುಗಿಗಾಗಿ ಕನ್ನಡ ಪಾಠಗಳನ್ನೆಲ್ಲ ನೀವು ಓದಿ, ವಿವರಿಸಿ, ನಮ್ಮ ಮನೆಯಲ್ಲಿ ಕೂತು ರೆಕಾರ್ಡ್ ಮಾಡಿದ್ದು ಅದರಲ್ಲೇ. ಭಾನುವಾರ ಬಂದರೆ ನೀವು ತುಮಕೂರಿನಿಂದ ಬಸ್ಸಿಗೆ ಬರುತ್ತಿದ್ದಿರಿ, ನಮ್ಮ ಮನೆಯವರು ಮೈಕು ಜೋಡಿಸಿಕೊಂಡು ಕಾಯುತ್ತಿದ್ದರು.

ಈಗ ಅದು ಆನ್ ಆಗುವುದಿಲ್ಲ. ಒಳಗಿನ ಹಾರ್ಡ್ ಡಿಸ್ಕ್ ಬಿಚ್ಚಿ ಕೊಟ್ಟರೆ ಫೈಲುಗಳನ್ನು ತೆಗೆದುಕೊಡುವ ಅಂಗಡಿ ತುಮಕೂರಿನಲ್ಲಿದೆಯಂತೆ. ಪಾಠಗಳು ನಿಮ್ಮವಾದ್ದರಿಂದ ಕೇಳುತ್ತಿದ್ದೇನೆ. ತೆಗೆಸಲೋ, ಗುಜರಿಗೆ ಕೊಡಲೋ?

ನಮ್ಮ ಮನೆಯವರು ಹೋಗಿ ವರ್ಷದ ಮೇಲಾಯಿತು. ಆಗಲೇ ತಿಳಿಸಿದ್ದೆ.

ಇಂತಿ,
ಹೇಮಶ್ರೀ


ಶೆಟ್ಟಿಹಳ್ಳಿ, ತುಮಕೂರು
೧೧ ಜೂನ್ ೨೦೨೪

ಹೇಮಾಗೆ,

ಪತ್ರ ಸೇರಿತು. ನೀವು ಎಂದು ಬರೆದಿದ್ದೀಯ, ಇರಲಿ.

ಆ ಕಂಪ್ಯೂಟರನ್ನು ಗುಜರಿಗೆ ಕೊಟ್ಟುಬಿಡು. ಪಠ್ಯಪುಸ್ತಕವೇ ಎಷ್ಟೋ ಸಲ ಬದಲಾಗಿದೆ, ಆ ಪಾಠಗಳು ಇನ್ನು ಯಾರಿಗೂ ಬೇಡ. ನನಗಂತೂ ಖಂಡಿತ ಬೇಡ. ನಾನು ಸ್ವಂತ ಇಚ್ಛೆಯಿಂದ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿದ್ದೇನೆ.

ಮಹಾದೇವಯ್ಯನವರು ತೀರಿಕೊಂಡಾಗ ಬರಲಾಗಲಿಲ್ಲ. ಊರಲ್ಲಿರಲಿಲ್ಲ. ಒಳ್ಳೆಯ ಮನುಷ್ಯರು.

ಖಮರ್


ಗುಬ್ಬಿ
೨೩ ಜೂನ್ ೨೦೨೪

ಖಮರ್,

ನೀವು ಎಂದು ಬರೆದದ್ದು ಬೇಕೆಂತಲೇ. ನಿನಗೆ ತಾಕಲಿ ಎಂದೇ.

ನಿನಗೆ ತುಮಕೂರಿಗೆ ವರ್ಗವಾಗುವವರೆಗೂ ಒಂದೇ ಸ್ಟಾಫ್ ರೂಮಿನಲ್ಲಿ ಅಷ್ಟು ವರ್ಷ ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು ನಾವು. ನಿನ್ನ ಮಗ ತಾರಿಖ್‌ಗೆ ಜಾಂಡೀಸ್ ಆದಾಗ ಇವರು ಸ್ಕೂಟರಿನಲ್ಲಿ ಔಷಧಿ ತಂದುಕೊಟ್ಟಿದ್ದರು. ಇವರು ಹೋದ ದಿನ ಬೆಳಿಗ್ಗೆ ನಾನು ಮೊದಲು ಫೋನ್ ಮಾಡಿದ್ದು ನನ್ನ ತಮ್ಮನಿಗೆ, ಎರಡನೆಯದು ನಿನಗೆ. ಮನೆ ತುಂಬ ಜನ ಇದ್ದರು. ಗೇಟಿನ ಹತ್ತಿರ ಆಟೊ ನಿಂತಾಗಲೆಲ್ಲ ನೀನೇ ಇರಬೇಕು ಎಂದು ಕತ್ತೆತ್ತಿ ನೋಡಿದೆ. ಆಮೇಲೆ ತಿಥಿಗೂ ಇಲ್ಲ. ಈಗ ನೋಡಿದರೆ "ಊರಲ್ಲಿರಲಿಲ್ಲ, ಒಳ್ಳೆಯ ಮನುಷ್ಯರು." ಸರಿ.

ಕಂಪ್ಯೂಟರನ್ನು ಗುಜರಿಗೆ ಕೊಡಲಿಲ್ಲ. ನಾನೇ ತುಮಕೂರಿಗೆ ಬಂದು ಬಿ.ಹೆಚ್. ರಸ್ತೆಯ ಆ ಅಂಗಡಿಯಲ್ಲಿ ಬಿಟ್ಟು ಬಂದೆ. ಶೆಟ್ಟಿಹಳ್ಳಿ ಅಲ್ಲಿಂದ ಎಷ್ಟು ಹತ್ತಿರ ಎಂದು ನನಗೂ ಗೊತ್ತು. ಬರಲಿಲ್ಲ.

ಅಂಗಡಿಯ ಮೋಹನ್‌ಕುಮಾರ್ ಡಿಸ್ಕನ್ನು ಕಿವಿಯ ಹತ್ತಿರ ಹಿಡಿದು ನೋಡಿ ಹೇಳಿದ: "ಮೇಡಂ, ಒಳಗಡೆ ಕಟ್ ಕಟ್ ಅಂತೈತೆ. ಪೂರ್ತಿ ಹೋಗಿಲ್ಲ, ಹೋಗ್ತಾ ಐತೆ. ನಿಧಾನಕ್ಕೆ ಬೇರೆ ಡಿಸ್ಕಿಗೆ ನಕಲು ಇಳಿಸ್ಕೊಂಡು, ಆ ನಕಲಲ್ಲಿ ಹುಡುಕ್ತೀನಿ. ಅವಸರ ಮಾಡ್ಬೇಡಿ." ತುಮಕೂರಿನದೇ ಒಂದು ನಂಬರ್ ಬೇಕೆಂದ. ತಾರಿಖ್ ಹಿರೇಹಳ್ಳಿಯ ಫ್ಯಾಕ್ಟರಿಗೆ ಆ ದಾರಿಯಲ್ಲೇ ಹೋಗುತ್ತಾನಲ್ಲ, ಅವನ ನಂಬರ್ ಕೊಟ್ಟಿದ್ದೇನೆ. ನಿನಗೇನೂ ತೊಂದರೆಯಿಲ್ಲ.

ಹೇಮಶ್ರೀ


ಗುಬ್ಬಿ
೯ ಜುಲೈ ೨೦೨೪

ಖಮರ್,

ನಿನ್ನೆ ಸಂಜೆ ತಾರಿಖ್ ಫೋನ್ ಮಾಡಿದ. ಅಂಗಡಿಯವರು ಕರೆದಿದ್ದರು ಎಂದು ಹೇಳುವುದಕ್ಕೆ. ಮಾತು ಮುಗಿಸುವಾಗ ನಾನು ಸ್ವಲ್ಪ ಬಿಗಿಯಾಗಿಯೇ, "ನಿಮ್ಮ ಅಮ್ಮಿ ಫೋನ್ ಎತ್ತೋದು ಬಿಟ್ಬಿಟ್ಟಿದಾಳೇನೋ?" ಎಂದು ಕೇಳಿದೆ. ಅವನು ಆಗ ಹೇಳಿದ.

"ಆಂಟಿ, ಅಮ್ಮಿಗೆ ಗಂಟಲಲ್ಲಿ ಕ್ಯಾನ್ಸರ್ ಆಗಿತ್ತು. ದನಿಪೆಟ್ಟಿಗೆ ಪೂರ್ತಿ ತೆಗೆದ್ಬಿಟ್ಟಿದಾರೆ. ಮಾತು ಬರಲ್ಲ. ಯಾರ್ಗೂ ಹೇಳ್ಬೇಡ ಅಂತ ನಮ್ ಹತ್ರ ಆಣೆ ಹಾಕಿಸ್ಕೊಂಡವ್ರೆ. ನಿಮಗೆ ಗೊತ್ತಿಲ್ಲ ಅಂತ ನನಗೆ ಗೊತ್ತಿರ್ಲಿಲ್ಲ."

ಯಾವಾಗ ಎಂದು ಕೇಳಿದೆ. ಹೋದ ವರ್ಷ ಫೆಬ್ರವರಿಯಲ್ಲಿ, ಶಿವರಾತ್ರಿಯ ವಾರ ಎಂದ. ನಮ್ಮ ಮನೆಯವರು ಹೋದದ್ದು ಅದೇ ವಾರ, ಖಮರ್. ನಾನು ಗೇಟು ನೋಡುತ್ತ ಕೂತಿದ್ದಾಗ ನೀನು ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಮಲಗಿದ್ದೆ.

ಹೋದ ಪತ್ರದಲ್ಲಿ ಬರೆದದ್ದನ್ನು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. ಅದಕ್ಕೇ ಇದನ್ನು ಬೇಗ ಬರೆಯುತ್ತಿದ್ದೇನೆ. ನಾನು ಬರಲಾ? ಶನಿವಾರ ಮಧ್ಯಾಹ್ನದ ಮೇಲೆ ಸ್ಕೂಲಿಲ್ಲ.

ಹೇಮಾ


ಶೆಟ್ಟಿಹಳ್ಳಿ
೧೮ ಜುಲೈ ೨೦೨೪

ಪ್ರೀತಿಯ ಹೇಮಾ,

ಈಗಲೇ ಬರಬೇಡ. ಕೋಪದಿಂದ ಹೇಳುತ್ತಿಲ್ಲ. ಬಂದರೆ ನೀನು ಮಾತಾಡುತ್ತೀಯ, ನಾನು ಸ್ಲೇಟು ಹಿಡಿದು ಕೂರುತ್ತೇನೆ. ನೀನು ನನ್ನ ಕತ್ತಿನ ಕಡೆ ನೋಡಬಾರದು ಎಂದು ಕಷ್ಟಪಡುತ್ತೀಯ. ಬಂದವರೆಲ್ಲ ಹಾಗೇ ಮಾಡಿದರು. ಪತ್ರದಲ್ಲಾದರೆ ನಾವಿಬ್ಬರೂ ಸಮ.

ಎಲ್ಲವನ್ನೂ ಒಂದೇ ಸಲ ಹೇಳಿ ಮುಗಿಸುತ್ತೇನೆ. ದನಿ ಒಡೆಯುತ್ತಿದ್ದಾಗ ಸೀಮೆಸುಣ್ಣದ ಧೂಳು ಎಂದುಕೊಂಡೆ. ಡಾಕ್ಟರು ನೋಡಿದಾಗ ತಡವಾಗಿತ್ತು. ಈಗ ಉಸಿರಾಡುವುದು ಕತ್ತಿನ ಬುಡದ ಒಂದು ತೂತಿನಿಂದ. ಸೆರಗು ಸುತ್ತಿಕೊಂಡಿರುತ್ತೇನೆ. ಊಟಕ್ಕೆ ತೊಂದರೆಯಿಲ್ಲ. ಸೀನಿದರೆ ಸದ್ದಿಲ್ಲ, ಅತ್ತರೂ ಸದ್ದಿಲ್ಲ. ನಮ್ಮ ಯಜಮಾನರು ನನ್ನ ಪಾಲಿನದನ್ನೂ ಸೇರಿಸಿ ಮಾತಾಡುತ್ತಾರೆ. ನಲವತ್ತು ವರ್ಷ ಹಾರ್ಡ್‌ವೇರ್ ಅಂಗಡಿ ಇಟ್ಟವರು, ಅವರಿಗೆ ಅದೇನೂ ಕಷ್ಟವಲ್ಲ.

ಮಾತಾಡುವ ಒಂದು ಯಂತ್ರ ಕೊಟ್ಟಿದ್ದಾರೆ. ಟಾರ್ಚಿನಷ್ಟಿದೆ. ಅದನ್ನು ಕತ್ತಿಗೆ ಒತ್ತಿ ಹಿಡಿದು ತುಟಿ ಆಡಿಸಿದರೆ ಜೀರುಂಡೆ ಕೂಗಿದ ಹಾಗೆ ಮಾತು ಬರುತ್ತದೆ. ಏರಿಲ್ಲ, ಇಳಿತವಿಲ್ಲ. ಮಹಾಪ್ರಾಣಕ್ಕೆ ಬೇಕಾದ ಉಸಿರು ಬಾಯಿಗೆ ಬರುವುದೇ ಇಲ್ಲವಲ್ಲ, ಹಾಗಾಗಿ ನನ್ನ ಹೆಸರೇ ನನ್ನ ಬಾಯಲ್ಲಿ ಕಮರ್ ಆಗುತ್ತದೆ. ಮಹಾಪ್ರಾಣ ಬಿಟ್ಟರೆಂದು ಎಷ್ಟು ಮಕ್ಕಳಿಗೆ ಗದರಿದ್ದೇನೆ, ನಿನಗೇ ಗೊತ್ತು. ಒಂದು ಸಲ ತರಕಾರಿಯವಳ ಹತ್ತಿರ ಮಾತಾಡಿ ನೋಡಿದೆ. ಅವಳು ಹಿಂದಕ್ಕೆ ಸರಿದು ಸೊಪ್ಪಿನ ಬುಟ್ಟಿಯ ಮೇಲೆ ಕಾಲಿಟ್ಟಳು. ಅವತ್ತಿನಿಂದ ಯಂತ್ರ ಬೀರುವಿನಲ್ಲಿದೆ.

ಆಸ್ಪತ್ರೆಯಿಂದ ಬಂದು ಫೋನ್ ನೋಡಿದರೆ ನಿನ್ನ ಕರೆಗಳಿದ್ದವು, ಕೆಳಗೆ "ಇವರು ಹೋದರು" ಎಂಬ ಮೆಸೇಜಿತ್ತು. ತಿರುಗಿ ಮಾಡಿದ್ದರೆ ನಿನಗೆ ಬರೀ ಉಸಿರು ಕೇಳಿಸುತ್ತಿತ್ತು. ಅಂಥ ಸುದ್ದಿಗೆ ಎರಡು ಸಾಲು ಮೆಸೇಜು ಕಳಿಸಲು ಮನಸ್ಸು ಒಪ್ಪಲಿಲ್ಲ. ನಾಳೆ ಬರೆಯುತ್ತೇನೆ ಎಂದು ದಿನ ತಳ್ಳಿದೆ. ಆಮೇಲೆ ಬರೆಯಲು ಮುಖವಿರಲಿಲ್ಲ.

ಗುಜರಿಗೆ ಕೊಡು ಎಂದದ್ದು ಯಾಕೆಂದು ಈಗ ನಿನಗೆ ತಿಳಿದಿರಬೇಕು. ಅದರೊಳಗೆ ಕೂತು ಪಾಠ ಮಾಡುವ ಹೆಂಗಸಿನ ದನಿ ಕೇಳಿಸಿಕೊಂಡರೆ ನಾನು ಈ ಮನೆಯಲ್ಲಿ ಸುಮ್ಮನೆ ಇರಲಾರೆ. ನೀನು ಯಾಕೆ ಇಷ್ಟು ಹಠ ಮಾಡುತ್ತಿದ್ದೀಯ? ಪಾಠಕ್ಕಾಗಿ ಅಲ್ಲ, ಅಷ್ಟು ನನಗೂ ಗೊತ್ತಾಗುತ್ತದೆ.

ನಿನ್ನ ಖಮರ್


ಗುಬ್ಬಿ
೨೫ ಆಗಸ್ಟ್ ೨೦೨೪

ಪ್ರೀತಿಯ ಖಮರ್,

ಉತ್ತರಕ್ಕೆ ತಡವಾಯಿತು. ಬರೆಯುವ ಮೊದಲು ಕೆಲಸ ಮುಗಿಯಲಿ ಎಂದು ಕಾದೆ. ಈಗ ಮುಗಿದಿದೆ, ಆದರೆ ಆಗಲಿಲ್ಲ.

ಮೋಹನ್‌ಕುಮಾರ್ ಹೆಚ್ಚು ಕಡಿಮೆ ಎಲ್ಲ ಪಾಠಗಳನ್ನೂ ತೆಗೆದುಕೊಟ್ಟ. ಫೈಲುಗಳ ಹೆಸರು ಹೋಗಿ ಬರೀ ಅಂಕಿಗಳು ಉಳಿದಿವೆ. ದಿನಾ ಸಂಜೆ ಅಡುಗೆ ಮುಗಿಸಿ ಒಂದೊಂದಾಗಿ ಹಾಕಿ ಕೇಳಿದೆ. ಗದ್ಯ, ಪದ್ಯ, ಸಂಧಿ, ಸಮಾಸ, ಎಲ್ಲ ಇದೆ. ನಿನ್ನ ದನಿ ನೀರಿನ ಹಾಗಿದೆ. ಇದನ್ನು ನಿನಗೆ ಹೇಳಬಾರದಿತ್ತೇನೋ.

ನಾನು ಹುಡುಕುತ್ತಿದ್ದದ್ದು ನಿನ್ನದಲ್ಲ, ಖಮರ್. ಇವರದ್ದು. ಕಾಗದದ ಮೇಲೆ ಬರೆಯುವುದಕ್ಕೂ ನಾಚಿಕೆಯಾಗುತ್ತದೆ. ಮೊಬೈಲಿನಲ್ಲಿ ಇವರ ಫೋಟೊ ಬೇಕಾದಷ್ಟಿವೆ, ಎಲ್ಲದರಲ್ಲೂ ಬಾಯಿ ಮುಚ್ಚಿಕೊಂಡಿದ್ದಾರೆ. ಮದುವೆ ಮುಂಜಿ ಎಲ್ಲೇ ಆಗಲಿ ವಿಡಿಯೊ ತೆಗೆಯುವವರು ಇವರೇ, ಹಾಗಾಗಿ ಒಂದರಲ್ಲೂ ಇವರ ಮಾತಿಲ್ಲ. ಹೋದ ಬೇಸಿಗೆಯಲ್ಲಿ ಒಂದು ದಿನ ಹಪ್ಪಳ ಒಣಗಿಸುತ್ತಿದ್ದಾಗ ಇವರು ನನ್ನನ್ನು ಕರೆಯುತ್ತಿದ್ದದ್ದು ಹೇಗೆ ಎಂದು ನೆನಪು ಮಾಡಿಕೊಂಡೆ. ಪದ ನೆನಪಿತ್ತು. ದನಿ ಬರಲಿಲ್ಲ. ಎಷ್ಟು ಪ್ರಯತ್ನ ಮಾಡಿದರೂ ಬರಲಿಲ್ಲ. ಕೈಯಲ್ಲಿ ಹಪ್ಪಳ ಹಿಡಿದುಕೊಂಡೇ ನಿಂತಿದ್ದೆ.

ಆಗ ಕಂಪ್ಯೂಟರ್ ನೆನಪಾಯಿತು. ಟೈಲ್ಸಿನ ವಿಚಾರ ಆಮೇಲೆ ಬಂದದ್ದು. ಪ್ರತಿ ಪಾಠಕ್ಕೆ ಮೊದಲು ಇವರು "ಹೂಂ, ಶುರು ಮಾಡಿ ಮೇಡಂ" ಅನ್ನುತ್ತಿದ್ದರಲ್ಲ, ಅಷ್ಟಾದರೂ ಸಿಗಬಹುದು ಎಂದುಕೊಂಡೆ. ಒಂದರಲ್ಲೂ ಇಲ್ಲ. ಇವರ ಅಚ್ಚುಕಟ್ಟು ನಿನಗೆ ಗೊತ್ತೇ ಇದೆ. ಪಾಠದಲ್ಲಿ ಬೇರೆ ಸದ್ದಿರಬಾರದೆಂದು ತಮ್ಮ ದನಿಯನ್ನು ಎಲ್ಲ ಕಡೆಯಿಂದಲೂ ಕತ್ತರಿಸಿ ತೆಗೆದುಬಿಟ್ಟಿದ್ದಾರೆ.

ವಾಣಿಶ್ರೀ ಹತ್ತಿರ ಆಗಿನ ಸಿ.ಡಿ.ಗಳಿರಬಹುದೆಂದು ಕುಣಿಗಲ್ಲಿಗೂ ಹೋಗಿ ಬಂದೆ. ಅಲ್ಲಿ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳೆ, ಕೊತ್ತಗೆರೆಯ ಕಡೆ ಮದುವೆಯಾಗಿದ್ದಾಳೆ. ನಾನು ಬಾಗಿಲಲ್ಲಿ ಬಾಯಿ ಬಿಟ್ಟ ತಕ್ಷಣ "ಹೇಮಶ್ರೀ ಮಿಸ್!" ಎಂದಳು. ಸಿ.ಡಿ.ಗಳು ಗೀರು ಬಿದ್ದು ಓಡುವುದಿಲ್ಲ. "ಸಾರ್ ದನಿ ಅದ್ರಲ್ಲಿ ಎಲ್ಲೂ ಇರ್ಲಿಲ್ಲ ಮಿಸ್. ಇದ್ದಿದ್ರೆ ನನಗೆ ನೆನಪಿರೋದು" ಎಂದಳು. ಅವಳು ಹೇಳಿದ ಮೇಲೆ ಮುಗಿಯಿತು. ಖಮರ್ ಮಿಸ್ ಹೇಗಿದ್ದಾರೆ ಎಂದು ಕೇಳಿದಳು. ಚೆನ್ನಾಗಿದ್ದಾರೆ ಎಂದೆ.

ಡಿಸ್ಕನ್ನು ಇನ್ನು ನೀನು ಹೇಳಿದ ಹಾಗೆ ಮಾಡುತ್ತೇನೆ.

ಹೇಮಾ


ಶೆಟ್ಟಿಹಳ್ಳಿ
೧೦ ಸೆಪ್ಟೆಂಬರ್ ೨೦೨೪

ಪ್ರೀತಿಯ ಹೇಮಾ,

ಡಿಸ್ಕನ್ನು ಏನೂ ಮಾಡಬೇಡ. ಅದು ಅಂಗಡಿಯಲ್ಲೇ ಇದೆ, ನಾನು ಹೋಗಿ ಬಂದೆ.

ನಿನ್ನ ಪತ್ರ ಓದುತ್ತಿದ್ದಾಗ ಒಂದು ಸಂಗತಿ ಹೊಳೆಯಿತು. ಕತ್ತರಿಸುವ ಮೊದಲು ಇಡೀ ರೆಕಾರ್ಡಿಂಗ್ ಬೇರೆ ಕಡೆ ಇರುತ್ತಿತ್ತಲ್ಲ. ನಾನು ತಪ್ಪಿದ್ದು, ಕೆಮ್ಮಿದ್ದು, ಎಲ್ಲ ಸೇರಿ. ಪಾಠ ಸಿದ್ಧವಾದ ಮೇಲೆ ಮಹಾದೇವಯ್ಯನವರು ಅದನ್ನು ಅಳಿಸುತ್ತಿದ್ದರು. "ಜಾಗ ಸಾಲ್ದು ಮೇಡಂ" ಎನ್ನುತ್ತಿದ್ದರು. ಅಳಿಸಿದ ಫೈಲು ಕೂಡಲೇ ಹೋಗಿಬಿಡುವುದಿಲ್ಲ, ಆ ಜಾಗಕ್ಕೆ ಬೇರೆ ಬಂದು ಕೂರುವವರೆಗೂ ಇರುತ್ತದೆ ಎಂದು ತಾರಿಖ್ ಹೇಳಿದ. ಅವನನ್ನೇ ಅಂಗಡಿಗೆ ಕಳಿಸಬಹುದಿತ್ತು. ಅವನಿಗೆ ಅವತ್ತು ಎರಡನೇ ಶಿಫ್ಟು. ಡಿಸ್ಕನ್ನು ನೀನು ಹಿಂದಕ್ಕೆ ತೆಗೆದುಕೊಂಡುಬಿಟ್ಟರೆ ಎಂದು ಹೆದರಿ ಬೀರು ತೆಗೆದೆ, ಯಂತ್ರ ಕೈಗೆತ್ತಿಕೊಂಡೆ, ಆಟೊ ಹತ್ತಿದೆ.

ಅಂಗಡಿ ಮಹಡಿ ಮೇಲಿದೆ. ಮೆಟ್ಟಿಲು ಹತ್ತುವಷ್ಟರಲ್ಲಿ ಕತ್ತಿನಿಂದ ಉಸಿರು ಸೀಟಿ ಹೊಡೆಯುತ್ತಿತ್ತು. ಮೋಹನ್‌ಕುಮಾರ್ ಯಾರದೋ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದ. ಯಂತ್ರವನ್ನು ಒತ್ತಿ "ಗುಬ್ಬಿಯ ಡಿಸ್ಕ್" ಎಂದೆ. ಅವನು ತಲೆಯೆತ್ತಿ ನೋಡಿ, ಒಂದು ಹಾಳೆ ಎಳೆದುಕೊಂಡು ದೊಡ್ಡ ಅಕ್ಷರದಲ್ಲಿ "ಏನು ಬೇಕು?" ಎಂದು ಬರೆದು ನನ್ನ ಕಡೆ ತಳ್ಳಿದ.

"ಕಿವಿ ಕೇಳುತ್ತೆ" ಎಂದೆ.

ಅವನ ಮುಖ ಕೆಂಪಾಯಿತು. "ಸಾರಿ ಮೇಡಂ, ಗೊತ್ತಾಗ್ಲಿಲ್ಲ" ಎಂದು ಜೋರಾಗಿ ಕೂಗಿದ. ನನಗೆ ನಗು ಬಂತು, ಅವನಿಗೆ ತಿಳಿಯಲಿಲ್ಲ.

ಅಳಿಸಿದ ಫೈಲು ಎನ್ನುವುದನ್ನು ಅವನಿಗೆ ಅರ್ಥ ಮಾಡಿಸಲು ಸಾಕಾಯಿತು. ಅಲ್ಲಿದ್ದ ಇನ್ನೊಬ್ಬ ಗಿರಾಕಿ, ಸ್ಕೂಲು ಮೇಷ್ಟ್ರ ಹಾಗಿದ್ದ ವಯಸ್ಸಾದವರು, ತಾವೂ ಕತ್ತು ಮುಂದೆ ಚಾಚಿ ನನ್ನ ತುಟಿ ನೋಡುತ್ತ "ಹಳಸಿದ್ದು ಅಂತಿದಾರೆ ಕಣಯ್ಯ" ಎಂದರು. "ಅಲ್ಲ ಸಾರ್, ಕಳಸಿದ್ದು ಅಂತ" ಎಂದ ಇವನು. ನಾನು ಮತ್ತೆ ಹೇಳಿದೆ, ಮತ್ತೆ ಹೇಳಿದೆ. ಕಡೆಗೆ "ರಬ್ಬರು" ಎಂದು ಕೈಯಲ್ಲಿ ಉಜ್ಜಿ ತೋರಿಸಿದೆ. "ಓ, ಡಿಲೀಟ್!" ಎಂದರು ಇಬ್ಬರೂ ಒಟ್ಟಿಗೆ. ಆ ಪದ ನನ್ನ ನಾಲಿಗೆಗೇ ಬಂದಿರಲಿಲ್ಲ, ನೋಡು. ಕನ್ನಡದ ಟೀಚರಾಗಿ ಕೆಟ್ಟೆ.

"ಮೊದ್ಲೇ ಹೇಳಿದ್ರೆ ಒಟ್ಟಿಗೇ ನೋಡ್ತಿದ್ದೆ ಮೇಡಂ. ಅಳಿಸಿದ್ ಮೇಲೆ ಅದರ ಮೇಲೆ ಏನೇನ್ ಬಂದು ಕೂತೈತೋ. ಸಿಕ್ರೂ ಇಡಿಯಾಗಿ ಸಿಗಲ್ಲ, ಚೂರುಪಾರು ಸಿಗ್ತದೆ. ಕೂತು ಕೇಳಿ ಆರಿಸ್ಕೋಬೇಕು. ಯಾರ್ ಕೇಳ್ತಾರೆ ಅಷ್ಟನ್ನೂ?"

"ನಾನು" ಎಂದೆ. ಅದೊಂದು ಅವನಿಗೆ ಮೊದಲ ಸಲಕ್ಕೇ ಅರ್ಥವಾಯಿತು.

ಖಮರ್


ಶೆಟ್ಟಿಹಳ್ಳಿ
೨೭ ಅಕ್ಟೋಬರ್ ೨೦೨೪

ಪ್ರೀತಿಯ ಹೇಮಾ,

ಇದರ ಜೊತೆ ಒಂದು ಪೆನ್ ಡ್ರೈವ್ ಇದೆ. ಹತ್ತಿಯಲ್ಲಿ ಸುತ್ತಿ ಔಷಧಿ ಡಬ್ಬಿಯಲ್ಲಿಟ್ಟಿದ್ದೇನೆ. ಹಾಕುವ ಮೊದಲು ಪತ್ರ ಪೂರ್ತಿ ಓದು.

ಮೋಹನ್‌ಕುಮಾರ್ ಹೇಳಿದ ಹಾಗೇ ಆಯಿತು. ಚೂರುಗಳು ರಾಶಿ ರಾಶಿ ಬಂದವು. ಕೆಲವು ಬರೀ ಗೊರಗೊರ, ಕೆಲವು ಒಂದೇ ಪದ, ಕೆಲವು ಮಧ್ಯದಲ್ಲಿ ಶುರುವಾಗಿ ಮಧ್ಯದಲ್ಲೇ ನಿಲ್ಲುತ್ತವೆ. ತಾರಿಖ್ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟ. ಮೊದಲ ದಿನ ಎರಡು ಕೇಳಿ ಮುಚ್ಚಿಟ್ಟೆ. ಇವರು ಬಾಗಿಲಲ್ಲಿ ನಿಂತಿದ್ದರು, ಅವರೂ ನನ್ನ ದನಿ ಕೇಳಿ ಅಷ್ಟು ದಿನವಾಗಿತ್ತು. ಏನೂ ಹೇಳದೆ ಅಂಗಡಿಗೆ ಹೋದರು. ಅವರು ಏನೂ ಹೇಳದೆ ಹೋದದ್ದು ಅದೇ ಮೊದಲಿರಬೇಕು.

ಮರುದಿನ ಮತ್ತೆ ಕೂತೆ. ನಾನು ಒಂದು ಉಪಾಯ ಮಾಡಿಕೊಂಡೆ, ಇದು ಯಾವುದೋ ಟ್ರೈನಿಂಗಿಗೆ ಬಂದ ಟೀಚರ್ ಎಂದುಕೊಳ್ಳುವುದು. ಅವಳು ತಪ್ಪಿದ ಕಡೆ ಗುರುತು ಹಾಕಿಕೊಳ್ಳುತ್ತ ಹೋದೆ. ಯಾಕೆಂದರೆ ಅವಳು ತಪ್ಪಿದ ಕಡೆಯೇ ಮಹಾದೇವಯ್ಯನವರು ಬಾಯಿ ಹಾಕುತ್ತಿದ್ದದ್ದು. ದಸರಾ ಕಳೆಯುವಷ್ಟರಲ್ಲಿ ಎಲ್ಲವನ್ನೂ ಕೇಳಿ ಮುಗಿಸಿದೆ. ಅವರ ದನಿ ಇದ್ದದ್ದನ್ನು ಮಾತ್ರ ಬೇರೆ ಮಾಡಿಸಿ ಇದರಲ್ಲಿ ಹಾಕಿಸಿದ್ದೇನೆ.

ಹೆಚ್ಚೇನಿಲ್ಲ, ಮೊದಲೇ ಹೇಳುತ್ತೇನೆ. ಒಂದರಲ್ಲಿ "ನಿಲ್ಸಿ ನಿಲ್ಸಿ, ಹೊರಗಡೆ ಲಾರಿ" ಎಂದಷ್ಟೇ ಇದೆ. ಇನ್ನೊಂದರಲ್ಲಿ ನಿನ್ನನ್ನು ಗದರುತ್ತಾರೆ: "ಹೇಮಾ, ಕೂತ್ಕೊಳೆ ಒಂದ್ಕಡೆ. ನೀನ್ ಓಡಾಡಿದ್ರೆ ಬಳೆ ಸದ್ದು ಬೀಳ್ತದೆ." ನಿನ್ನ ಬಳೆ ಸದ್ದೂ ಇದೆ.

ಸ್ವಲ್ಪ ಉದ್ದದ್ದು ಒಂದೇ ಒಂದು. ಮೈಕು ಸರಿಯಿದೆಯೋ ನೋಡುತ್ತಿದ್ದಾರೆಂದು ಕಾಣುತ್ತದೆ. ಬರೆದುಕೊಂಡಿದ್ದೇನೆ, ಸದ್ದು ಸ್ಪಷ್ಟವಿಲ್ಲದ ಕಡೆ ನಿನಗೆ ಸಹಾಯವಾಗಲಿ ಎಂದು.

"ಹಲೋ, ಹಲೋ. ವಾರ್ತೆಗಳು. ಓದುತ್ತಿರುವವರು ಗುಬ್ಬಿ ಮಹಾದೇವಯ್ಯ. ಖಮರುನ್ನೀಸಾ ಮೇಡಂ ಅವರು ಈ ದಿನ ಆಗಮಸಂಧಿಗೆ ಲೋಪಸಂಧಿಯ ಉದಾಹರಣೆ ಕೊಟ್ಟು ನಾಡಿನ ಜನತೆಯನ್ನು ಬೆಚ್ಚಿಬೀಳಿಸಿದ್ದಾರೆ. ನಮ್ಮ ಮನೆಯವರು ಟೀ ತರಲು ಒಳಗೆ ಹೋಗಿದ್ದು, ಇದುವರೆಗೂ ಪತ್ತೆಯಾಗಿಲ್ಲ. ಹೇಮಾ! ಏ ಹೇಮಾ! ಬದುಕಿದ್ದೀಯೇನೇ?"

ಆಮೇಲೆ ನಾನು "ಅಯ್ಯೋ ಸಾರ್, ರೆಕಾರ್ಡ್ ಆಗ್ತಿದೆ!" ಎಂದು ನಗುತ್ತೇನೆ. ಅಲ್ಲಿಗೆ ತುಂಡಾಗುತ್ತದೆ.

ನನ್ನ ಮಾತು ಹೇಗಿತ್ತೆಂದು ನನಗೆ ನೆನಪಿತ್ತು. ನಗು ಮರೆತುಹೋಗಿತ್ತು. ಅಷ್ಟು ದೊಡ್ಡದಾಗಿ ನಗುತ್ತಿದ್ದೆನಾ? ಸ್ಟಾಫ್ ರೂಮಿನಲ್ಲಿ ನೀವೆಲ್ಲ ಹೇಗೆ ಸಹಿಸಿಕೊಂಡಿರಿ?

ನಿನ್ನ ಖಮರ್


ಗುಬ್ಬಿ
೬ ನವೆಂಬರ್ ೨೦೨೪

ಖಮರ್,

ಪೆನ್ ಡ್ರೈವ್ ಬಂದು ಎರಡು ದಿನ ದೇವರ ಮುಂದಿಟ್ಟಿದ್ದೆ. ಭಾನುವಾರ ಬೆಳಿಗ್ಗೆ ಧೈರ್ಯ ಮಾಡಿ ಹಾಕಿದೆ.

ಇವರ ಅಕ್ಕ ಸಿದ್ದಗಂಗಮ್ಮ ಈಗ ನನ್ನ ಜೊತೆಗೇ ಇದ್ದಾರೆ. ಅವರಿಗೆ ಏನೂ ಹೇಳಿರಲಿಲ್ಲ, ಸಿಗದಿದ್ದರೆ ಸುಮ್ಮನೆ ಯಾಕೆ ಎಂದು. ಅವರು ಹಿತ್ತಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನಾನು ಮುಂದಿನ ಕೋಣೆಯಲ್ಲಿ ಹಾಕಿದ್ದು. "ಏ ಹೇಮಾ! ಬದುಕಿದ್ದೀಯೇನೇ?" ಎಂದು ಕೇಳಿದ್ದೇ ತಡ, ಹಿತ್ತಲಿಂದ ಅವರು ಕೂಗಿದರು:

"ಇಲ್ಲೇ ಅವ್ಳಲ್ಲಾ, ಯಾಕ್ಲಾ ಮಾದೇವ ಹಂಗ್ ಕೂಗ್ತೀಯಾ!"

ನಾನು ಹೋಗಿ ನೋಡಿದರೆ ಮೊರ ಮಡಿಲಲ್ಲಿ ಇಟ್ಟುಕೊಂಡು ಹಾಗೇ ಕೂತಿದ್ದರು. "ಏನೇ ಅದು?" ಎಂದರು. ಕೈಹಿಡಿದು ಕರೆದುಕೊಂಡು ಬಂದು ಕೂರಿಸಿ ಮತ್ತೆ ಹಾಕಿದೆ. ಇಬ್ಬರೂ ಅತ್ತೆವು. ಆಮೇಲೆ ಅವರು ಕಣ್ಣೊರೆಸಿಕೊಂಡು, "ಟೀ ತಡ ಮಾಡ್ತಿದ್ದಿದ್ದೇನ್ ಸುಳ್ಳಲ್ಲ ಬುಡು" ಎಂದರು.

ಮರೆತಿದ್ದ ದನಿ ಇದೇ, ಖಮರ್. ಹೇಮಾ ಎಂಬುದರ "ಹೇ"ಯನ್ನು ಸ್ವಲ್ಪ ಎಳೆಯುತ್ತಾರೆ, ಬಾವಿಯಲ್ಲಿ ಕೊಡ ಬಿಟ್ಟ ಹಾಗೆ. ಇನ್ನು ಮರೆಯುವುದಿಲ್ಲ. ಮರೆತರೂ ಕೇಳಬಹುದು.

ಅದಕ್ಕಾಗಿ ನೀನು ಏನೇನನ್ನು ಕೇಳಿಸಿಕೊಳ್ಳಬೇಕಾಯಿತು ಎಂಬುದು ನನಗೆ ಗೊತ್ತು. ಅದರ ಬಗ್ಗೆ ಏನು ಬರೆದರೂ ಕಡಿಮೆಯೇ, ಬರೆಯುವುದಿಲ್ಲ. ನೀನು ಬಾ. ನಾನು ನಿನ್ನ ಕತ್ತು ನೋಡುತ್ತೇನೆ, ನೋಡಿಬಿಟ್ಟರೆ ಆಯಿತು, ಆಮೇಲೆ ಊಟ ಮಾಡೋಣ.

ಹೇಮಾ


ಶೆಟ್ಟಿಹಳ್ಳಿ
೨೪ ನವೆಂಬರ್ ೨೦೨೪

ಪ್ರೀತಿಯ ಹೇಮಾ,

ಬರುತ್ತೇನೆ. ಡಿಸೆಂಬರಿನ ಮೂರನೇ ಭಾನುವಾರ. ಬಸ್ಸಿಗೆ ಬೇಡ ಎಂದು ತಾರಿಖ್ ಗಲಾಟೆ ಮಾಡುತ್ತಿದ್ದಾನೆ, ಬಸ್ಸಿಗೇ ಬರುತ್ತೇನೆ.

ಅವನದು ಇನ್ನೊಂದು ಗಲಾಟೆ. ಈಗ ಹಳೆಯ ರೆಕಾರ್ಡಿಂಗ್ ಕೊಟ್ಟರೆ ಅದೇ ದನಿಯಲ್ಲಿ ಮೊಬೈಲು ಮಾತಾಡುವ ಹಾಗೆ ಮಾಡಬಹುದಂತೆ. ನಾನು ಟೈಪ್ ಮಾಡಿದರೆ ಅದು ನನ್ನ ದನಿಯಲ್ಲಿ ಹೇಳುತ್ತದೆ. ಪಾಠಗಳು ಅಷ್ಟೊಂದು ಇವೆಯಲ್ಲ ಎಂದು ಅವನಿಗೆ ಹುರುಪು. ಮಾಡಿಸಿಯೂ ತಂದ. "ತಾರಿಖ್, ಊಟ ಆಯ್ತಾ?" ಎಂದು ಹೇಳಿಸಿ ತೋರಿಸಿದ. ಅವನು ಚಿಕ್ಕವನಾಗಿದ್ದಾಗ ನಾನು ಕೇಳುತ್ತಿದ್ದ ಹಾಗೇ ಇತ್ತು. ಅವನು ಆ ಕಡೆ ತಿರುಗಿಕೊಂಡ.

ಅದನ್ನು ನಿನ್ನ ಮೊಬೈಲಿನಲ್ಲೇ ಇಟ್ಟುಕೊ ಎಂದೆ. ಅವನಿಗೆ ಬೇಕು, ಇರಲಿ. ನನಗೆ ಬೇಡ. ಆ ದನಿ ಆಪರೇಷನ್ ಕಂಡಿಲ್ಲ, ಮಹಾದೇವಯ್ಯನವರು ಹೋದದ್ದು ಅದಕ್ಕೆ ಗೊತ್ತಿಲ್ಲ. ಅದರಿಂದ ನಿನ್ನ ಹತ್ತಿರ ಮಾತಾಡಿಸಲು ಮನಸ್ಸಿಲ್ಲ. ಬುಧವಾರ ಬುಧವಾರ ಆಸ್ಪತ್ರೆಯಲ್ಲಿ ಯಂತ್ರದಲ್ಲಿ ಮಾತಾಡುವುದನ್ನು ಕಲಿಸುತ್ತಾರೆ, ಬಿಟ್ಟಿದ್ದೆ, ಮತ್ತೆ ಸೇರಿದ್ದೇನೆ. ಕಲಿಸುವ ಹುಡುಗಿ ನನಗಿಂತ ಜೋರು. "ಇನ್ನೊಂದ್ಸಲ ಹೇಳಿ ಅಮ್ಮ" ಎಂದು ಪ್ರಾಣ ತೆಗೆಯುತ್ತಾಳೆ.

ನಿನ್ನ ಖಮರ್


ಗುಬ್ಬಿ
೧೬ ಡಿಸೆಂಬರ್ ೨೦೨೪

ಪ್ರೀತಿಯ ಖಮರ್,

ನೀನು ಕ್ಷೇಮವಾಗಿ ಮುಟ್ಟಿದೆ ಎಂದು ತಾರಿಖ್ ತಿಳಿಸಿದ. ನಿನ್ನ ಸ್ವೆಟರ್ ಇಲ್ಲೇ ಬಿಟ್ಟು ಹೋಗಿದ್ದೀಯ. ಸಿದ್ದಗಂಗಮ್ಮ ನೀನು ತಂದ ಬಾದುಷಾವನ್ನೆಲ್ಲ ಒಬ್ಬರೇ ಮುಗಿಸುತ್ತಿದ್ದಾರೆ. ಮುಂದಿನ ಸಲ ಹೆಚ್ಚಾಗಿ ತರಬೇಕಂತೆ.

ನೀನು ಬಾಗಿಲಲ್ಲಿ ನಿಂತಾಗ ನೀನಾಗಿಯೇ ಸೆರಗು ಸರಿಸಿ ತೋರಿಸಿದೆಯಲ್ಲ, ಅದು ಒಳ್ಳೆಯದಾಯಿತು. ಆಮೇಲೆ ಇಡೀ ಬೆಳಗ್ಗೆ ನೀನು ಸ್ಲೇಟಿನಲ್ಲೇ ಮಾತಾಡಿದೆ. ಯಂತ್ರ ಚೀಲದಲ್ಲೇ ಇತ್ತು. ನಾನು ಕೇಳಲಿಲ್ಲ, ನಿನ್ನ ಇಷ್ಟ ಎಂದು ಬಿಟ್ಟೆ.

ಊಟಕ್ಕೆ ಕೂತಾಗ ಒಂದು ತುತ್ತು ಬಾಯಿಗಿಟ್ಟು, ಎಡಗೈಯಲ್ಲಿ ಚೀಲಕ್ಕೆ ಕೈಹಾಕಿ ಅದನ್ನು ತೆಗೆದು, ಕತ್ತಿಗೆ ಒತ್ತಿ ನೀನು ಹೇಳಿದೆ. ನಾನು "ಏನಂದೆ?" ಎಂದೆ. ಮತ್ತೆ ಹೇಳಿದೆ. "ಇನ್ನೊಂದ್ಸಲ ಹೇಳು" ಎಂದೆ. ನೀನು ಆಸ್ಪತ್ರೆಯ ಆ ಹುಡುಗಿಯನ್ನು ಬೈದುಕೊಂಡಿರಬೇಕು, ಆದರೂ ಬಿಡಿಸಿ ಬಿಡಿಸಿ ಮೂರನೇ ಸಲ ಹೇಳಿದೆ: "ಹುಳಿಗೆ ಉಪ್ಪು ಜಾಸ್ತಿ ಆಗಿದೆ." ಆಗ ನಾನು "ಓ, ಹೌದೇನೇ!" ಎಂದೆ. ಗೆದ್ದ ಹಾಗೆ ನಕ್ಕೆ ನೀನು.

ಖಮರ್, ನನಗೆ ಮೊದಲ ಸಲಕ್ಕೇ ಅರ್ಥವಾಗಿತ್ತು. ನೀನು ಇನ್ನಷ್ಟು ಮಾತಾಡಲಿ ಅನ್ನಿಸಿತು.

ನಿನ್ನ ಹೇಮಾ